ಗೊಂಬೆ ಮೆಟ್ಟಿಲ ಕೆಳಗೊಂದು ಮಂಡಿ

ಮಂಡಿ ಎನ್ನುವುದು ದೇವರು ಮನುಷ್ಯನಿಗೆ ಕೊಟ್ಟ ಅತ್ಯಂತ ಸರಳವಾದ ಉಪಕರಣ ಎಂದು ನಾನು ಬಹಳ ಕಾಲ ನಂಬಿದ್ದೆ. ಬಾಗಿಲಿಗೊಂದು ಕೀಲು, ಕಾಲಿಗೊಂದು ಮಂಡಿ. ಮಡಚಿದರೆ ಮಡಚುತ್ತದೆ, ಚಾಚಿದರೆ ಚಾಚುತ್ತದೆ. ಇದರಲ್ಲಿ ತಿಳಿದುಕೊಳ್ಳುವುದಕ್ಕೆ ಏನಿದೆ? ಹೃದಯ, ಮೂತ್ರಪಿಂಡ, ಪಿತ್ತಕೋಶ ಇವುಗಳ ಬಗ್ಗೆ ಚಿಂತೆ ಮಾಡುವವರನ್ನು ಕಂಡರೆ ನನಗೆ ಗೌರವ. ಮಂಡಿಯ ಬಗ್ಗೆ ಮಾತಾಡುವವರನ್ನು ಕಂಡರೆ ಮಾತ್ರ, ಪಾಪ, ಇವರಿಗೆ ಬೇರೆ ಕೆಲಸವಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ನಾನು ಬೇರೆ ಏನನ್ನೂ ಮಾತಾಡುವುದಿಲ್ಲ!

ಮಂಡಿಗೂ ನನಗೂ ಮೊದಲ ಮನಸ್ತಾಪ ಬಂದದ್ದು ನುಂಗಂಬಾಕ್ಕಂ ಸ್ಟೇಷನ್ನಿನಲ್ಲಿ. ನಮ್ಮ ಮನೆ ತಾಂಬರಂನಲ್ಲಿ, ಆಫೀಸು ನುಂಗಂಬಾಕ್ಕಂನಲ್ಲಿ, ನಡುವೆ ಎಲೆಕ್ಟ್ರಿಕ್ ಟ್ರೈನು. ಟ್ರೈನು ಪೂರ್ತಿ ನಿಲ್ಲುವ ಮೊದಲೇ ಇಳಿಯುವವನು ಚೆನ್ನೈ ಮನುಷ್ಯ, ನಿಂತ ಮೇಲೆ ಇಳಿಯುವವನು ಊರಿಂದ ಬಂದ ನೆಂಟ ಎಂಬುದು ನನ್ನ ತಿಳಿವಳಿಕೆ. ಮೈಸೂರು ಬಿಟ್ಟು ಇಲ್ಲಿಗೆ ಬಂದು ಎಷ್ಟೋ ವರ್ಷಗಳಾದರೂ ನನ್ನ ತಮಿಳು ಕೇಳಿದ ಆಟೋದವರು ಒಂದೇ ವಾಕ್ಯಕ್ಕೆ “ಕರ್ನಾಟಕಾವಾ ಸಾರ್?” ಎನ್ನುತ್ತಾರೆ. ಮಾತಿನಲ್ಲಿ ಆಗದಿದ್ದರೆ ಹೋಗಲಿ, ಟ್ರೈನು ಇಳಿಯುವುದರಲ್ಲಾದರೂ ಚೆನ್ನೈಯವನಾಗೋಣ ಎಂದು ಒಂದು ಬೆಳಿಗ್ಗೆ ನಿಲ್ಲುವ ಮುಂಚೆಯೇ ಕಾಲು ಕೆಳಗಿಟ್ಟೆ.

ಎಡಗಾಲು ಪ್ಲಾಟ್‌ಫಾರ್ಮಿನ ಮೇಲೆ ಗಟ್ಟಿಯಾಗಿ ಊರಿತು. ಹಿಂದಿನಿಂದ ಇಳಿದ ಜನಸ್ತೋಮ ನನ್ನನ್ನು ತಿರುಗಿಸಿತು. ನಾನು ತಿರುಗಿದೆ. ಪಾದ ತಿರುಗಲಿಲ್ಲ! ಪಾದ ಲೈನಿನ ಆ ಕೊನೆಯ ಬೀಚ್ ಸ್ಟೇಷನ್ ಕಡೆಗೆ, ಮುಖ ತಾಂಬರಂ ಕಡೆಗೆ, ಇಬ್ಬರ ನಡುವೆ ಮಂಡಿ. ಒಳಗೆಲ್ಲೋ ‘ಟಕ್’ ಎಂದಿತು. ಆಮೇಲೆ ಆಫೀಸಿನವರೆಗೆ ನಾನು ನಡೆದ ರೀತಿಯನ್ನು ನೋಡಿ ಹೂ ಮಾರುವ ಹೆಂಗಸು ತನ್ನ ಬುಟ್ಟಿಯನ್ನು ಪಕ್ಕಕ್ಕೆಳೆದುಕೊಂಡಳು.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮಲರ್ವಿಳಿ ಎಂಬ ಮೂಳೆ ಡಾಕ್ಟರಮ್ಮ ಇದ್ದಾರೆ. ನನ್ನ ಹೆಂಡತಿ ವಿಶಾಲು ಅವತ್ತು ಸಂಜೆಯೇ ನನ್ನನ್ನು ಅವರ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಡಾಕ್ಟರು ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಮುಂದಿಟ್ಟುಕೊಂಡು ಪಾಠ ಶುರು ಮಾಡಿದರು. ಮೇಲೆ ತೊಡೆಯ ಮೂಳೆ, ಕೆಳಗೆ ಕಣಕಾಲಿನ ಮೂಳೆ, ಮುಂದುಗಡೆ ಕಾವಲಿಗೆ ಮಂಡಿಚಿಪ್ಪು. ಎಲ್ಲವನ್ನೂ ಬಿಗಿದು ಹಿಡಿಯಲು ಲಿಗಮೆಂಟು ಎಂಬ ಗಟ್ಟಿ ನಾರಿನ ಪಟ್ಟಿಗಳು, ಒಳಗೆ ಅಡ್ಡಡ್ಡ ಎರಡು, ಅಕ್ಕಪಕ್ಕ ಎರಡು. ಮೂಳೆಗೆ ಮೂಳೆ ತಿಕ್ಕಬಾರದೆಂದು ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳು.

“ಇದು ಬಾಗಿಲ ಕೀಲು ಅಲ್ಲ ಸಾರ್,” ಎಂದರು ಅವರು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ. “ಮಡಚಿದಾಗ ಇದು ಸ್ವಲ್ಪ ತಿರುಗುತ್ತದೆ ಕೂಡ. ಆದರೆ ಭಾರ ಹಾಕಿ, ಮಡಚಿ, ತಿರುಚಿದರೆ ಮೆತ್ತೆ ಹರಿಯುತ್ತದೆ. ನೀವು ಮೂರನ್ನೂ ಒಟ್ಟಿಗೇ ಮಾಡಿದ್ದೀರಿ.”

ನಾನು ಆಸಕ್ತಿಯಿಂದ ಆ ಪ್ಲಾಸ್ಟಿಕ್ ಮಂಡಿಯನ್ನು ಎತ್ತಿಕೊಂಡು ಮಡಚಿದೆ. ಮಂಡಿಚಿಪ್ಪು ಹಾರಿ ಬೀರುವಿನ ಕೆಳಗೆ ಹೋಯಿತು. ಅದನ್ನು ತೆಗೆಯಲು ಡಾಕ್ಟರು ಬಗ್ಗಿದರು, ವಿಶಾಲು ಬಗ್ಗಿದಳು. ನನಗೆ ಬಗ್ಗಲಾಗಲಿಲ್ಲ!

ಹೊರಡುವಾಗ ಅಪ್ಪಣೆಗಳಾದವು. ಚಕ್ಕಂಬಕ್ಕಳ ಹಾಕಿ ಕೂರಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಅಂಬೆಗಾಲಿಡಬಾರದು. ಮತ್ತು ಬೇಗನೆ ಒಂದು ಎಂಆರ್‌ಐ ತೆಗೆಸಬೇಕು. ಅಂಬೆಗಾಲು! ಮೀಸೆ ನರೆತ ಗಂಡಸಿಗೆ ಅಂಬೆಗಾಲಿಡಬೇಡ ಎಂದು ಹೇಳುವ ವೈದ್ಯಶಾಸ್ತ್ರದ ಮೇಲೆ ನನಗಿದ್ದ ಅಲ್ಪಸ್ವಲ್ಪ ನಂಬಿಕೆಯೂ ಅಲ್ಲೇ ಹೋಯಿತು. ಕೆಲವೇ ದಿನಗಳಲ್ಲಿ ನೋವು ತಾನಾಗಿಯೇ ಇಳಿಯಿತು. ನೋವಿಲ್ಲದ ಮಂಡಿಗೆ ಫೋಟೋ ಯಾಕೆ ಎಂದು ಎಂಆರ್‌ಐ ವಿಚಾರವನ್ನು ಕೈಬಿಟ್ಟೆ.

ಅಷ್ಟರಲ್ಲಿ ನವರಾತ್ರಿ ಬಂತು.

ಈ ವರ್ಷದ ನವರಾತ್ರಿ ನಮ್ಮ ಮನೆಯಲ್ಲಿ ಎಂದಿನಂತಲ್ಲ. ವಿಶಾಲುವಿನ ತಾಯಿ ಹೋದ ವರ್ಷ ತೀರಿಕೊಂಡರು. ಅವರು ಮೈಸೂರಿನಲ್ಲಿ ಜೀವಮಾನವಿಡೀ ಕೂರಿಸುತ್ತಿದ್ದ ಮಣ್ಣಿನ ಗೊಂಬೆಗಳು ಮಗಳ ಪಾಲಿಗೆ ಬಂದವು. ಅತ್ತೆಯವರ ಹಳೆಯ ಸೀರೆಗಳಲ್ಲಿ ಸುತ್ತಿಟ್ಟಿದ್ದ ಅವನ್ನು ಬಿಚ್ಚುವಾಗ ವಿಶಾಲು ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ಅತ್ತಳು. ಸೆಟ್ಟಿ ಮತ್ತು ಸೆಟ್ಟಿಯ ಹೆಂಡತಿ, ವಾದ್ಯದವರು, ಮೂಗು ಸ್ವಲ್ಪ ಸವೆದ ಸರಸ್ವತಿ. ಎಲ್ಲಕ್ಕಿಂತ ಮೇಲೆ ಮರದ ಪಟ್ಟದ ಗೊಂಬೆಗಳು, ರಾಜ ರಾಣಿಯ ಜೋಡಿ. “ಇವುಕ್ಕೆ ಏನೂ ಆಗ್ಬಾರ್ದು ರೀ. ಅಮ್ಮಂದು ಅಂತ ನಂಗೆ ಉಳಿದಿರೋದು ಇಷ್ಟೇ,” ಎಂದಳು. ಹೆಂಡತಿಯ ಕಣ್ಣೀರು ಕಂಡಾಗ ನನ್ನಂಥ ಗಂಡಂದಿರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಸಹಾಯಕ್ಕೆ ಮುಂದಾದೆ.

“ಮೆಟ್ಟಿಲು ನಾನು ಕಟ್ತೀನಿ.”

“ಬೇಡ. ಅಂಗಡೀಲಿ ಸ್ಟೀಲ್ ಸ್ಟ್ಯಾಂಡ್ ಸಿಗತ್ತೆ. ಹತ್ತು ನಿಮಿಷದಲ್ಲಿ ಜೋಡಿಸ್ಬೋದಂತೆ.”

“ಮೈಸೂರು ಗೊಂಬೇನ ತಗಡಿನ ಸ್ಟ್ಯಾಂಡ್ ಮೇಲೆ ಕೂರ್ಸ್ತೀಯಾ? ಅತ್ತೆ ಏನಂದ್ಕೋತಾರೆ?”

ಅತ್ತೆಯವರ ಹೆಸರೆತ್ತಿದ ಮೇಲೆ ವಿಶಾಲು ಒಪ್ಪಿದಳು. ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಸುಬ್ರಾಯ ಉಪಾಧ್ಯರಿದ್ದಾರೆ. ತಾಂಬರಂನಲ್ಲೇ ಅವರದೊಂದು ಸಸ್ಯಾಹಾರಿ ಹೋಟೆಲು. ಅಲ್ಲಿಂದ ಬೆಂಚುಗಳು ಬಂದವು. ನಮ್ಮ ಊಟದ ಮೇಜು, ವಿಶಾಲುವಿನ ಟ್ರಂಕು, ಅಟ್ಟದ ಮೇಲಿದ್ದ ಹಲಗೆಗಳು, ಎಲ್ಲವನ್ನೂ ಹಗ್ಗದಿಂದ ಬಿಗಿದು ಏಳು ಮೆಟ್ಟಿಲು ಕಟ್ಟಿ, ಮೇಲೆ ಬಿಳಿ ಪಂಚೆ ಹಾಸಿದೆ. ಅರಮನೆಯ ದರ್ಬಾರಿನಂತೆ ಕಂಡಿತು. ಗೊಂಬೆಗಳು ಕೂತವು. ಅರಿಶಿನ ಕುಂಕುಮ, ಆರತಿ ಎಲ್ಲ ಆಯಿತು. ಸೀರಿಯಲ್ ಸೆಟ್ ದೀಪ ಹಾಕೋಣವೆಂದು ಪ್ಲಗ್ ಪಾಯಿಂಟು ಹುಡುಕಿದೆವು.

ಹಾಲಿನಲ್ಲಿರುವುದು ಒಂದೇ ಪ್ಲಗ್ ಪಾಯಿಂಟು. ಅದು ಮೆಟ್ಟಿಲುಗಳ ಹಿಂದಿನ ಗೋಡೆಯಲ್ಲಿತ್ತು!

ಗೊಂಬೆಗಳನ್ನು ಒಮ್ಮೆ ಕೂರಿಸಿದ ಮೇಲೆ ವಿಜಯದಶಮಿಯ ತನಕ ಅಲುಗಾಡಿಸುವ ಹಾಗಿಲ್ಲ. ದಶಮಿಯಂದು ಪಟ್ಟದ ಗೊಂಬೆಯನ್ನು ಮಲಗಿಸಿ, ಆಮೇಲೆ ಮಿಕ್ಕವನ್ನು ಇಳಿಸುವುದು ಪದ್ಧತಿ. ಹೀಗಾಗಿ ಮೆಟ್ಟಿಲು ಬಿಚ್ಚುವ ಮಾತೇ ಇಲ್ಲ. ಮೇಜಿನ ಕಾಲಿಗೂ ಟ್ರಂಕಿಗೂ ನಡುವೆ ಒಂದು ಸಂದು ಉಳಿದಿತ್ತು. ಅದರಲ್ಲಿ ಮಲಗಿ ನುಸುಳಿ ಒಳಗೆ ಹೋದರೆ, ಮೆಟ್ಟಿಲುಗಳ ಹೊಟ್ಟೆಯೊಳಗೆ ಒಬ್ಬರು ಕೂರುವಷ್ಟು ಜಾಗ. ಅಲ್ಲಿಂದ ಕೈ ಚಾಚಿದರೆ ಪ್ಲಗ್ಗು. ದಿನಾ ಸಂಜೆ ನಮ್ಮ ಮಗಳು ಅನನ್ಯ ಕಾಲೇಜಿನಿಂದ ಬಂದು ಹಲ್ಲಿಯ ಹಾಗೆ ಸರ್ರನೆ ಒಳಹೋಗಿ ದೀಪ ಹಾಕಿ ಬರುತ್ತಿದ್ದಳು.

ಆ ಶುಕ್ರವಾರ ವಿಶಾಲು ಇಡೀ ಅಪಾರ್ಟ್‌ಮೆಂಟಿನ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಉಸಲಿಗೆ ಒಗ್ಗರಣೆ ಬಿದ್ದಿತ್ತು. ಅನನ್ಯ ಇನ್ನೂ ಬಂದಿರಲಿಲ್ಲ. ಎದುರು ಮನೆಯ ಮಾಮಿ ಬಾಗಿಲು ತೆಗೆಯುವ ಸದ್ದು ಕೇಳಿಸಿತು. ದೀಪ ಹತ್ತಿರಲಿಲ್ಲ.

“ನಾನು ಹೋಗ್ತೀನಿ,” ಎಂದೆ.

“ಡಾಕ್ಟ್ರು ಏನ್ ಹೇಳಿದಾರೆ?”

“ಎರಡು ನಿಮಿಷದ ಕೆಲ್ಸ ಕಣೇ!”

ಜಗತ್ತಿನ ಸಮಸ್ತ ಅನಾಹುತಗಳೂ ಎರಡು ನಿಮಿಷದ ಕೆಲಸಗಳಾಗಿಯೇ ಹುಟ್ಟಿರುತ್ತವೆ. ನಾನು ಮಲಗಿದೆ, ನುಸುಳಿದೆ, ಅಂಬೆಗಾಲಿಟ್ಟೆ, ಕುಕ್ಕರಗಾಲಲ್ಲಿ ಕೂತೆ, ಕೊನೆಗೆ ಚಕ್ಕಂಬಕ್ಕಳ ಹಾಕಿದೆ. ಡಾಕ್ಟರು ಬೇಡವೆಂದದ್ದನ್ನೆಲ್ಲ ಕ್ರಮವಾಗಿ ಪೂರೈಸಿದಂತಾಯಿತು. ಪ್ಲಗ್ ಹಾಕಿದೆ. ಹೊರಗೆ ದೀಪ ಹತ್ತಿ ವಿಶಾಲು “ಬಂತು!” ಎಂದಳು. ನಾನು ಹೊರಬರಲು ಕೂತಲ್ಲೇ ತಿರುಗಿದೆ.

ಟಕ್.

ಈ ಬಾರಿ ಅದು ಅಷ್ಟಕ್ಕೇ ಬಿಡಲಿಲ್ಲ. ಮಂಡಿ ಮಡಚಿದ್ದು ಮಡಚಿದ ಹಾಗೇ ನಿಂತುಬಿಟ್ಟಿತು. ಚಾಚಲು ಹೋದರೆ ಪ್ರಾಣ ಹೋಗುವ ನೋವು, ಇನ್ನೂ ಮಡಚಲು ಹೋದರೆ ಹೋದ ಪ್ರಾಣ ವಾಪಸು ಬರುವಂಥ ನೋವು. ಕಾಲು ನೇರವಾಗಿದ್ದರೆ ಮಾತ್ರ ಆ ಸಂದಿನಲ್ಲಿ ನುಸುಳಬಹುದು. ಮಡಚಿದ ಮಂಡಿ ಅದರಲ್ಲಿ ಹಾಯುವುದಿಲ್ಲ. ನಾನೇ ಕಟ್ಟಿದ ಕೋಟೆಯಲ್ಲಿ ನಾನೇ ಕೈದಿ. ಮಾಡಿದ್ದುಣ್ಣೋ ಮಹರಾಯ!

“ರೀ, ಬನ್ನಿ ಆಚೆ. ಮಾಮಿ ಬಂದ್ರು,” ಎಂದು ವಿಶಾಲು ಪಂಚೆಯ ಅಂಚೆತ್ತಿ ಪಿಸುಗುಟ್ಟಿದಳು.

“ಬರಕ್ಕಾಗ್ತಿಲ್ಲ.”

“ಯಾಕೆ?”

“ಮಂಡಿ ಸಿಕ್ಕಾಕ್ಕೊಂಡಿದೆ.”

“ಎಲ್ಲಿ?”

“ಮಂಡೀಲೇ!”

ವಿಶಾಲು ಒಂದು ಕ್ಷಣ ಯೋಚಿಸಿದಳು. “ಹಾಗಾದ್ರೆ ಇವರೆಲ್ಲ ಹೋಗೋ ತನಕ ಅಲ್ಲೇ ಸುಮ್ನೆ ಕೂತಿರಿ. ಉಸಿರೆತ್ತಬೇಡಿ,” ಎಂದು ಪಂಚೆ ಇಳಿಬಿಟ್ಟಳು. ಎಷ್ಟೋ ವರ್ಷ ಸಂಸಾರ ಮಾಡಿದ ಗಂಡನನ್ನು ಒಂದು ಪಂಚೆಯಷ್ಟು ಸುಲಭವಾಗಿ ಮುಚ್ಚಿಹಾಕಬಹುದೆಂದು ನನಗೆ ಅವತ್ತೇ ಗೊತ್ತಾದದ್ದು.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ನನಗೆ ಪಂಚೆಯ ಅಂಚಿನ ಕೆಳಗೆ ಕಾಲುಂಗುರಗಳು ಮಾತ್ರ ಕಾಣುತ್ತಿದ್ದವು. ಗೊಂಬೆ ನೋಡಲು ಬಂದವರು ಒಂದು ಹಾಡು ಹೇಳಿಯೇ ತಾಂಬೂಲ ತೆಗೆದುಕೊಳ್ಳಬೇಕೆಂಬುದು ಈ ಊರಿನ ಕಟ್ಟಳೆ. ಮಾಮಿ ಗಂಟಲು ಸರಿಮಾಡಿಕೊಂಡು ನಿಧಾನವಾದ ಒಂದು ದೇವರನಾಮ ಎತ್ತಿಕೊಂಡರು. ಅದು ಎಷ್ಟು ನಿಧಾನವೆಂದರೆ ದೇವರಿಗೆ ನಾಮ ಹಾಕುವಷ್ಟರಲ್ಲಿ ನನ್ನ ಇನ್ನೊಂದು ಕಾಲೂ ಜೋಮು ಹಿಡಿಯಿತು. ತಡೆಯಲಾರದೆ ಹಲ್ಲು ಕಚ್ಚಿ “ಮ್ಮ್ಮ್” ಎಂದು ನರಳಿದೆ. ಮಾಮಿ ಹಾಡು ನಿಲ್ಲಿಸಿ, ಶ್ರುತಿ ಪೆಟ್ಟಿಗೆ ಸ್ವಲ್ಪ ಕೆಳಗಿದೆ, ಏರಿಸಮ್ಮಾ ಎಂದರು.

ವಿಶಾಲು ನನ್ನನ್ನು ಏರಿಸಲು ಬರುವ ಮೊದಲೇ ನಾನು ತಪ್ಪು ಮಾಡಿದೆ. ಜೋಮು ಹಿಡಿದ ಕಾಲನ್ನು ಸ್ವಲ್ಪ ಚಾಚಿದೆ. ಅದು ಹೋಗಿ ಬೆಂಚಿನ ಕಾಲಿಗೆ ತಗುಲಿತು. ತಲೆಯ ಮೇಲೆ ಗೊಂಬೆಗಳೆಲ್ಲ ಒಟ್ಟಿಗೆ ಕಟಕಟನೆ ಅಲುಗಿದವು.

“ಅಯ್ಯೋ, ಅಮ್ಮನ ಗೊಂಬೆ!” ಎಂದು ವಿಶಾಲು ಕಿರುಚಿದಳು.

ಆ ದನಿ ಕೇಳಿ ನನ್ನ ಮಂಡಿಯ ನೋವೂ ಮರೆತುಹೋಯಿತು. ಅವಳು ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಚಿತ್ರ ಕಣ್ಮುಂದೆ ಬಂತು. ನನ್ನ ಒಂದು ಒದೆತಕ್ಕೆ ಅತ್ತೆಯವರ ಜೀವಮಾನ ಚೂರಾಗುತ್ತಿತ್ತು. ಎರಡೂ ಕೈಯಿಂದ ತಲೆಯ ಮೇಲಿನ ಹಲಗೆಯನ್ನು ಎತ್ತಿ ಹಿಡಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಗಟ್ಟಿಯಾಗಿ, “ಯಾರೂ ಹೆದರಬೇಡಿ! ನಾನಿದ್ದೇನೆ!” ಎಂದೆ.

ಸಾಕ್ಷಾತ್ ದೇವಿಯ ವಿಗ್ರಹದ ಅಡಿಯಿಂದ ಅಭಯವಾಣಿ ಬಂದದ್ದನ್ನು ಕೇಳಿ ಒಬ್ಬರು ಎದ್ದುನಿಂತು ಕೈಮುಗಿದರು. ದೇವಿಯ ದನಿ ಗಂಡಸಿನಂತಿದೆ ಎಂಬುದು ಅವರಿಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಅನನ್ಯ ಮನೆಗೆ ಬಂದಳು. ಪಂಚೆ ಎತ್ತಿ ಒಳಗೆ ಇಣುಕಿದಳು.

“ಅಪ್ಪಾ! ಉಳ್ಳೆ ಎನ್ನ ಪಣ್ರೀಂಗ?”

ಒಳಗೆ ಏನು ಮಾಡುತ್ತಿದ್ದೀರಿ ಎಂದು ಹೆತ್ತ ಮಗಳು ಕೇಳುತ್ತಾಳೆ. ಏನೆಂದು ಹೇಳಲಿ? “ದೀಪ ಹಾಕ್ತಿದೀನಮ್ಮ,” ಎಂದೆ. ಅವಳು “ಸೋ ಎಂಬರಾಸಿಂಗ್ ಪಾ,” ಎಂದು ಹೋಗಿ ಉಪಾಧ್ಯರನ್ನು ಕರೆತಂದಳು.

ಉಪಾಧ್ಯರು ಬಂದವರೇ ನೆಲಕ್ಕೆ ಕೆನ್ನೆ ಆನಿಸಿ ನನ್ನನ್ನು ನೋಡಿದರು. “ಎಂತ ಮಾರಾಯ್ರೆ ಇದು! ಬೆಂಚು ಗೊಂಬೆಗೆ ಅಂತ ಕೊಟ್ಟದ್ದಲ್ವಾ, ನೀವ್ ಯಾಕೆ ಅಡಿಯಲ್ಲಿ ಕೂತದ್ದು?”

“ಮಂಡಿ ಲಾಕ್ ಆಗಿದೆ ಉಪಾಧ್ಯರೇ. ಹೊರಗೆ ಬರೋಕ್ಕಾಗ್ತಿಲ್ಲ.”

“ಅದಕ್ಕೆಂತ ಉಂಟು? ತೆಂಗಿನೆಣ್ಣೆ ಹಚ್ಚಿ ಒಂದು ಸಲ ಎಳೆದರೆ ಆಯ್ತು. ಕಾಲು ಕೊಡಿ ಇತ್ಲಾಗೆ!”

ನಾನು ಕಾಲು ಕೊಡಲಿಲ್ಲ. ಅವರು ಬಿಡಲಿಲ್ಲ. ಒಂದು ಸಲ ಎಳೆದರು. ನಾನು ಕೂಗಿದ ಕೂಗಿಗೆ ಮೇಲಿನ ಗೊಂಬೆಗಳು ಮತ್ತೊಮ್ಮೆ ಅಲುಗಿದವು. ವಿಶಾಲು ಉಪಾಧ್ಯರ ಎರಡೂ ಕೈ ಹಿಡಿದು ನಿಲ್ಲಿಸಿದಳು. ಎಣ್ಣೆ ಮಾತ್ರ ಅಷ್ಟರಲ್ಲಿ ನನ್ನ ಪಂಚೆಗೆಲ್ಲ ಹರಡಿತ್ತು. ಹಸಿದಿರಬಹುದೆಂದು ಅವರೇ ಒಂದು ದೊನ್ನೆಯಲ್ಲಿ ಉಸಲಿಯನ್ನು ಒಳಗೆ ತಳ್ಳಿದರು. ಸಿಟ್ಟಿನಲ್ಲಿ ತಿನ್ನಬಾರದೆಂದುಕೊಂಡೆ. ಉಪ್ಪು ಖಾರ ಹದವಾಗಿತ್ತು, ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದರಲ್ಲಿ ತಿಂದುಬಿಟ್ಟೆ.

ಆಗಲೇ ಡಾಕ್ಟರ್ ಮಲರ್ವಿಳಿ ಬಂದದ್ದು. ಅವರೂ ಅರಿಶಿನ ಕುಂಕುಮಕ್ಕೆ ಕರೆಸಿಕೊಂಡವರೇ. ರೇಷ್ಮೆ ಸೀರೆ, ಮಲ್ಲಿಗೆ ದಂಡೆ. ಯಾರೋ ವಿಷಯ ತಿಳಿಸಿದರು. ಅವರು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, ಮೊಬೈಲಿನ ಬೆಳಕನ್ನು ಸಂದಿನೊಳಗೆ ಬಿಟ್ಟರು. ಬೆಳಕು ಮೊದಲು ನನ್ನ ಮುಖಕ್ಕೆ, ಆಮೇಲೆ ದೊನ್ನೆಗೆ, ಕೊನೆಗೆ ಮಂಡಿಗೆ ಬಿತ್ತು.

“ಎಂಆರ್‌ಐ ಎಡುತ್ತೀಂಗಳಾ ಸಾರ್?”

ತೆಗೆಸಿದಿರಾ ಎಂದು ಕೇಳುತ್ತಿದ್ದಾರೆ. ನಾನು ಉಸಲಿ ನುಂಗಿದೆ. “ತೆಗೆಸ್ಬೇಕು ಅಂತಿದ್ದೆ,” ಎಂದೆ. ಹೊರಗೆ ವಿಶಾಲು ಹಣೆ ಬಡಿದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಹತ್ತಿರ ಅವಳು ಕೇಳಿದಾಗಲೆಲ್ಲ ರಿಪೋರ್ಟು ಇನ್ನೂ ಬಂದಿಲ್ಲ ಎಂದು ಹೇಳಿದ್ದೆ.

ಡಾಕ್ಟರು ಸುತ್ತ ನಿಂತ ಹೆಂಗಸರಿಗೆ ವಿವರಿಸಿದರು. ಮಂಡಿಯೊಳಗಿನ ಮೆತ್ತೆ ಹರಿದು ಅದರ ತುಂಡೊಂದು ಮೂಳೆಗಳ ನಡುವೆ ಸಿಕ್ಕಿಕೊಂಡಿದೆ. ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿದರೆ ಬಾಗಿಲು ತೆರೆಯಲೂ ಬರುವುದಿಲ್ಲ, ಮುಚ್ಚಲೂ ಬರುವುದಿಲ್ಲ, ಹಾಗೆ. ಎಳೆದರೆ ಇನ್ನೂ ಹರಿಯುತ್ತದೆ. ಉಪಾಧ್ಯರು ಎಣ್ಣೆಯ ಶೀಶೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ವಿವರಣೆ ಮುಗಿದೊಡನೆ ನನ್ನನ್ನು ಹೊರತೆಗೆಯುವ ಕೆಲಸ ಶುರುವಾಗುತ್ತದೆಂದು ನಾನು ಕಾದೆ. ಶುರುವಾದದ್ದು ಬೇರೆ.

“ಡಾಕ್ಟರ್, ನನಗೆ ಮೆಟ್ಟಿಲು ಇಳಿಯುವಾಗ ಮಂಡಿ ಕಟಕಟ ಅನ್ನುತ್ತಲ್ಲಾ?” ಎಂದು ಒಂದು ಕಾಲುಂಗುರ ಕೇಳಿತು. ಅದು ಮಂಡಿಚಿಪ್ಪು ಉಜ್ಜುವುದು, ತೊಡೆಯ ಮಾಂಸಖಂಡ ಗಟ್ಟಿ ಮಾಡಬೇಕು ಎಂದರು ಡಾಕ್ಟರು. ಮಾಮಿ ತಮ್ಮ ಸವೆದ ಮಂಡಿಗಳ ಚರಿತ್ರೆಯನ್ನು ಎತ್ತಿಕೊಂಡರು, ಅದೂ ದೇವರನಾಮದ ಕಾಲಪ್ರಮಾಣದಲ್ಲೇ. ಇನ್ನೊಬ್ಬರ ಮಗ ಫುಟ್‌ಬಾಲ್ ಆಡುವಾಗ ಬಿದ್ದಿದ್ದ. ಅವನ ಮಂಡಿ ಒಂದೇ ಗಂಟೆಯಲ್ಲಿ ಬಾತು ಕುಂಬಳಕಾಯಿಯಾಗಿತ್ತಂತೆ. ಹಾಗೆ ಕೂಡಲೇ ಬಾತರೆ ಒಳಗಿನ ಅಡ್ಡ ಲಿಗಮೆಂಟು ಹರಿದಿರಬಹುದು, ಬೇಗ ಕರೆತನ್ನಿ ಎಂದರು. ನಮ್ಮ ಮನೆಯ ಹಾಲು ಉಚಿತ ಮಂಡಿ ಶಿಬಿರವಾಯಿತು. ತಾಂಬೂಲದ ಜೊತೆ ಸಲಹೆಯೂ ಸಿಗುವುದೆಂದು ತಿಳಿದು, ಹೊರಟುಹೋಗಿದ್ದವರೂ ವಾಪಸು ಬಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ನಾನು ತಲೆಯ ಮೇಲೆ ಹಲಗೆ ಹಿಡಿದುಕೊಂಡೇ ಕೂಗಿದೆ.

“ಸ್ವಾಮೀ, ಇಲ್ಲಿ ಒಬ್ಬ ರೋಗಿ ಇದ್ದಾನೆ!”

“ಇರಿ ಸಾರ್, ವರಿಸೆಯಲ್ಲಿ ಬನ್ನಿ,” ಎಂದರು ಯಾರೋ. ಸರದಿಯಲ್ಲಿ ಬರಬೇಕಂತೆ. ಬರಲು ಸಾಧ್ಯವಿದ್ದರೆ ಬರುತ್ತಿರಲಿಲ್ಲವೆ?

ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. ಈ ಸಂದಿನಲ್ಲಿ ಎಳೆಯುವಂತಿಲ್ಲ. ಮೇಲಿನ ಮೆಟ್ಟಿಲುಗಳನ್ನು ಬಿಚ್ಚಿ, ಕೂತ ಹಾಗೆಯೇ ಎತ್ತಿ ತೆಗೆಯಬೇಕು.

ಮೆಟ್ಟಿಲು ಬಿಚ್ಚಬೇಕೆಂದರೆ ಗೊಂಬೆ ಇಳಿಸಬೇಕು. ದಶಮಿಗೆ ಇನ್ನೂ ದಿನಗಳಿದ್ದವು.

“ನಡುವ್ಲೆ ಕಲೈಕ್ಕ ಕೂಡಾದುಮ್ಮಾ,” ಎಂದರು ಮಾಮಿ. ನಡುವೆ ಕೆಡಿಸಕೂಡದು. ಎರಡು ಮೂರು ದನಿಗಳು ಹೌದೌದು ಎಂದವು. ಉಪಾಧ್ಯರು ಬಹಳ ಯೋಚಿಸಿ ಒಂದು ಮಾರ್ಗ ಸೂಚಿಸಿದರು. “ದಶಮಿ ತನಕ ಇವರು ಇಲ್ಲೇ ಇರ್ಲಿ. ಊಟ ತಿಂಡಿ ಹೋಟೆಲಿಂದ ಕಳ್ಸುವಾ. ಬಿಸಿನೀರಿನ ವ್ಯವಸ್ಥೆ ಮಾತ್ರ ನೀವ್ ನೋಡ್ಕೊಳ್ಳಿ.”

ಆಶ್ಚರ್ಯವೆಂದರೆ ಅದನ್ನು ಯಾರೂ ತಳ್ಳಿಹಾಕಲಿಲ್ಲ! ನಾನು ಪಂಚೆಯ ಸಂದಿನಿಂದ ವಿಶಾಲುವಿನ ಪಾದಗಳನ್ನೇ ನೋಡುತ್ತಿದ್ದೆ. ಅವು ಅಲುಗಲಿಲ್ಲ. ತಾಯಿಯಿಲ್ಲದ ಮೊದಲ ನವರಾತ್ರಿ. ಅದನ್ನು ತಾಯಿಯಂತೆಯೇ ನಡೆಸಬೇಕೆಂದು ಅವಳು ಪಟ್ಟ ಪಾಡು ನನಗೆ ಗೊತ್ತು. ಹಾಳುಮಾಡಲು ಇಡೀ ಮನೆಯಲ್ಲಿ ನನಗೇ ಜಾಗ ಸಿಗಬೇಕೆ?

“ಬೇಡ ವಿಶಾಲು,” ಎಂದೆ. “ಗೊಂಬೆ ಇಳಿಸ್ಬೇಡ. ನಾನು ಹೇಗೋ ಇರ್ತೀನಿ.”

“ನೀವು ಸುಮ್ನಿರಿ. ಹೇಗೋ ಇರ್ತಾರಂತೆ!” ಎಂದಳು. ಮಾಮಿಯ ಕಡೆ ತಿರುಗಿ, ತನ್ನ ತಮಿಳು ಸಾಲದೆ ಕನ್ನಡದಲ್ಲೇ ಹೇಳಿದಳು. “ಅಮ್ಮ ಇದ್ದಿದ್ರೂ ಇಳಿಸು ಅಂತಾನೇ ಅನ್ನೋರು. ಅಳಿಯಂಗೆ ಬುದ್ಧಿ ಕಮ್ಮಿ ಅಂತ ಅವರಿಗೆ ಮೊದಲಿಂದ್ಲೂ ಗೊತ್ತಿತ್ತು. ಆದ್ರೂ ಇರೋನು ಒಬ್ನೇ ಅಳಿಯ ಅಲ್ವಾ.”

ಅವಳೇ ಮುಂದೆ ಬಂದು, ಪಟ್ಟದ ಗೊಂಬೆಗಳಿಗೆ ಕೈಮುಗಿದು, ಎರಡನ್ನೂ ಎದೆಗವಚಿಕೊಂಡು ಒಳಗೆ ಒಯ್ದಳು. ನಾನು ಕತ್ತಲಲ್ಲಿ ಕಣ್ಣೊರೆಸಿಕೊಂಡೆ. ಕೈಯಲ್ಲಿ ಉಸಲಿಯ ಖಾರವಿದ್ದದ್ದು ಆಮೇಲೆ ಗೊತ್ತಾಯಿತು.

ಹೆಂಗಸರು ಸಾಲಾಗಿ ನಿಂತರು. ಸೆಟ್ಟಿ, ಸೆಟ್ಟಿಯ ಹೆಂಡತಿ, ವಾದ್ಯದವರು, ಸರಸ್ವತಿ, ಎಲ್ಲರೂ ಕೈಯಿಂದ ಕೈಗೆ ದಾಟಿ ಒಳಗಿನ ಮಂಚದ ಮೇಲೆ ಕ್ಷೇಮವಾಗಿ ಸೇರಿದರು. ಒಂದು ಚೂರೂ ಮುಕ್ಕಾಗಲಿಲ್ಲ. ಉಪಾಧ್ಯರು ಹಲಗೆಗಳನ್ನು ಎತ್ತಿದರು, ಬೆಂಚು ಸರಿಸಿದರು, ಕೊನೆಗೆ ಮೇಜನ್ನು ಎಳೆದರು. ಬೆಳಕು ಬಿತ್ತು. ಸುತ್ತಲೂ ರೇಷ್ಮೆ ಸೀರೆಗಳ ವೃತ್ತ, ನಡುವೆ ಎಣ್ಣೆ ಮೆತ್ತಿದ ನಾನು. ಕೃತಜ್ಞತೆಯಿಂದ ವಿಶಾಲುವಿನ ಕಡೆ ತಿರುಗಿದೆ.

ಟಕ್.

ಮಂಡಿ ಬಿಟ್ಟುಕೊಂಡಿತು! ಕಾಲು ತಾನಾಗಿಯೇ ಚಾಚಿತು. ನಾನು ಯಾರ ಸಹಾಯವೂ ಇಲ್ಲದೆ ಎದ್ದು ನಿಂತೆ. ನೋವೆಂದರೆ ಏನೋ ಒಂದು ಚಿಟಿಕೆಯಷ್ಟು.

ಎಲ್ಲರೂ ಖಾಲಿ ಹಲಗೆಗಳನ್ನೂ ನನ್ನ ಕಾಲನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಸಿಕ್ಕಿಕೊಂಡ ತುಂಡು ಕೆಲವು ಸಲ ತಾನೇ ಜಾರಿ ಬಿಟ್ಟುಕೊಳ್ಳುತ್ತದೆ, ಹಾಗೆಂದು ವಾಸಿಯಾಯಿತೆಂದಲ್ಲ, ನಾಳೆ ಬೆಳಿಗ್ಗೆ ತಪ್ಪದೆ ಎಂಆರ್‌ಐ ತೆಗೆಸಿ ಎಂದು ಡಾಕ್ಟರು ವೈಜ್ಞಾನಿಕವಾಗಿ ಹೇಳಿದರು. ಅವರ ವಿಜ್ಞಾನವನ್ನು ನಂಬಿದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

“ಇದನ್ನ ಅರ್ಧ ಗಂಟೆ ಮುಂಚೆ ಮಾಡಕ್ಕಾಗ್ಲಿಲ್ವಾ?” ಎಂದಳು ವಿಶಾಲು.

“ನಾನೆಲ್ಲಿ ಮಾಡಿದೆ? ಅದೇ ಮಾಡ್ತು!”

“ಅದು ಯಾರ್ದು?”

ಡಾಕ್ಟರು ತಾಂಬೂಲ ತೆಗೆದುಕೊಂಡು ಹೊರಟರು.

ಮಾಮಿ ಒಂದು ಪರಿಹಾರ ಹೇಳಿದರು. ಇವತ್ತಿನ ಆರತಿಯ ಮೊದಲೇ ಎಲ್ಲವನ್ನೂ ಮತ್ತೆ ಕೂರಿಸಿಬಿಟ್ಟರೆ ದೋಷವಿಲ್ಲವಂತೆ. ನಾನು ಕೂಡಲೇ ತೋಳೇರಿಸಿದೆ. ಕಳೆದುಹೋದ ಮಾನವನ್ನು ಗಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದೆ?

“ಎಲ್ಲ ನಾನೇ ಜೋಡಿಸ್ತೀನಿ. ನೀವೆಲ್ಲ ಕೂತ್ಕೊಳ್ಳಿ.”

“ರೀ, ಬೇಡ. ಡಾಕ್ಟ್ರು ಹೇಳಿದ್ದು ಈಗ ತಾನೇ ಕೇಳಿದ್ರಲ್ಲ.”

“ಈಗ ಸರಿಹೋಗಿದೆ ಕಣೇ. ನೋಡು!” ಎಂದು ನಿಂತಲ್ಲೇ ಒಮ್ಮೆ ಕಾಲು ಝಾಡಿಸಿ ತೋರಿಸಿದೆ.

ಉಪಾಧ್ಯರು ಮೆಟ್ಟಿಲು ಬಿಗಿದರು. ಪ್ಲಗ್ಗಿನ ತಂತಿಯನ್ನು ಈ ಸಲ ಮೊದಲೇ ಹೊರಗೆಳೆದುಕೊಂಡೆವು. ಪಟ್ಟದ ಗೊಂಬೆಗಳನ್ನು ವಿಶಾಲು ಇಟ್ಟಳು. ಮಿಕ್ಕವನ್ನು ನಾನು ಮೇಲಿನ ಮೆಟ್ಟಿಲಿನಿಂದ ಒಂದೊಂದಾಗಿ ಜೋಡಿಸುತ್ತ ಬಂದೆ. ಒಂದೂ ಓರೆಯಾಗಲಿಲ್ಲ. ಮಾಮಿ ತಲೆದೂಗಿದರು. ವಿಶಾಲುವಿನ ಮುಖದಲ್ಲಿಯೂ ಸಿಟ್ಟು ಇಳಿದು ಒಂದು ಸಣ್ಣ ನಗು ಬಂತು. ಅದನ್ನು ಕಂಡು ನನಗೆ ಹುರುಪು ಹೆಚ್ಚಿತು. ಕೆಳಗಿನ ಮೆಟ್ಟಿಲಿಗೆ ಬಂದಾಗ ಬಗ್ಗುವ ಬದಲು ಗೊಂಬೆಗಳ ಮುಂದೆ ನೆಲದ ಮೇಲೆಯೇ ಚಕ್ಕಂಬಕ್ಕಳ ಹಾಕಿ ಕೂತೆ. ಕೊನೆಯ ಗೊಂಬೆಯನ್ನು ಇಟ್ಟು, ಹೇಗಿದೆ ಎಂದು ಕೇಳಲು ಹಿಂದಕ್ಕೆ ತಿರುಗಿದೆ.

ಟಕ್.

ಯಾರೂ ಏನಾಯಿತೆಂದು ಕೇಳಲಿಲ್ಲ. ಸದ್ದು ಈಗ ಎಲ್ಲರಿಗೂ ಪರಿಚಿತವಾಗಿತ್ತು. ಉಪಾಧ್ಯರು ಎಣ್ಣೆಯ ಶೀಶೆಯ ಕಡೆ ಕೈ ಚಾಚಿದರು. ಅನನ್ಯ ಡಾಕ್ಟರನ್ನು ಕರೆತರಲು ಮೂರನೇ ಮಹಡಿಗೆ ಓಡಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ವಿಶಾಲು ಸೆರಗು ಸರಿಮಾಡಿಕೊಂಡು ಹೋಗಿ ತೆರೆದಳು.

ಪಕ್ಕದ ಬೀದಿಯ ಮೈಸೂರಿನ ದಂಪತಿಗಳು. ಆಕೆ ಒಳಗೆ ಬಂದು, ಗೊಂಬೆಗಳನ್ನೆಲ್ಲ ಕಣ್ತುಂಬ ನೋಡಿ, ಮೆಟ್ಟಿಲುಗಳ ಬುಡದಲ್ಲಿ ಕುತ್ತಿಗೆ ಹೊರಳಿಸಿ ಕೂತಿದ್ದ ನನ್ನ ಹತ್ತಿರ ಬಂದು ನಿಂತರು.

“ಇದು ಈ ವರ್ಷದ ಹೊಸ ಗೊಂಬೇನಾ?” ಎಂದರು ನಗುತ್ತ.

“ಹೊಸದೆಲ್ಲಿ ಬಂತು, ಹಳೇದೇ,” ಎಂದಳು ವಿಶಾಲು, ಅವರ ಹಣೆಗೆ ಕುಂಕುಮವಿಡುತ್ತ. “ಮದುವೇಲಿ ಅಮ್ಮ ನೋಡಿ ತಂದಿದ್ದು. ಮಂಡಿ ಹತ್ರ ಸ್ವಲ್ಪ ಮುಕ್ಕಾಗಿದೆ, ಏನ್ ಮಾಡೋದು, ಎಸೆಯಕ್ಕಾಗತ್ತಾ?”